ಜಾವಾನೋ, ಯೆಜ್ಡಿಯೋ?

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಡೊಂಬಿವಲಿಯ ನನ್ನ ಗೆಳೆಯನೊಬ್ಬ ಫೋನ್ ಮಾಡಿದ. "ಎರಡು ಹಳೇ ಬೈಕು ನೋಡಿಟ್ಟಿದ್ದೀನಿ. ಎರಡೂ ಒಂದೇ ಥರ ಇವೆ. ಯಾವುದು ತಗೊಳ್ಳಲಿ ಗೊತ್ತಾಗ್ತಾ ಇಲ್ಲ, ಭಾನುವಾರ ಬಾರಯ್ಯ" ಅಂದ. ಒಂದು 1971ರ ಜಾವಾ, ಇನ್ನೊಂದು 1974ರ ಯೆಜ್ಡಿ. ನಾನೇನೂ ಮೆಕ್ಯಾನಿಕ್ ಅಲ್ಲ. ಆದರೆ ಇಪ್ಪತ್ತು ವರ್ಷದಿಂದ ಒಂದು ಯೆಜ್ಡಿ ಸಾಕಿಕೊಂಡು ಬಂದಿದ್ದೇನೆ. ಸಾಕುವುದು ಅನ್ನುವ ಮಾತೇ ಸರಿ, ಒಂದು ಹಸುವಿಗೆ ಆಗುವಷ್ಟು ಖರ್ಚು ಅದಕ್ಕೂ ಆಗಿದೆ. ಆ ಧೈರ್ಯದ ಮೇಲೆ ಹೊರಟೆ.

ಇದು ಬರೀ ಶೋಕಿಯ ಮಾತಾಗಿದ್ದರೆ ನಾನು ಇಲ್ಲಿ ಹೇಳುತ್ತಿರಲಿಲ್ಲ. ಗೆಳೆಯನ ತಂದೆಗೆ ಎಂಬತ್ತೊಂದು ವರ್ಷ. ಮೈಸೂರಿನಲ್ಲಿ ಬ್ಯಾಂಕಿನಲ್ಲಿ ಇದ್ದವರು, 1971ರಲ್ಲಿ ಸಾಲ ಮಾಡಿ ಹೊಸ ಜಾವಾ ತಗೊಂಡಿದ್ದರು. 1978ರಲ್ಲಿ ತಂಗಿಯ ಮದುವೆಗೆಂದು ಮಾರಿದರು. ಆಮೇಲೆ ಸ್ಕೂಟರು ಬಂತು, ಕಾರೂ ಬಂತು, ಬೈಕಿನ ಸುದ್ದಿ ಎತ್ತಲಿಲ್ಲ. ಆದರೆ ನಾಲ್ಕು ವರ್ಷದ ಮಗನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿ ತೆಗೆಸಿದ ಫೋಟೋ ಮಾತ್ರ ಮೈಸೂರಿನ ಮನೆ ಬಿಟ್ಟು ಬರುವಾಗಲೂ ಅವರ ಜೊತೆ ಬಂದಿದೆ. ಗೆಳೆಯನ ಹತ್ತಿರ ಇದ್ದದ್ದು ಎರಡು ಲಕ್ಷ ರೂಪಾಯಿ, ಅದೂ ಮನೆ ರಿಪೇರಿಗೆ ಕೂಡಿಟ್ಟದ್ದು. ಆರಿಸಿದ್ದು ತಪ್ಪಾದರೆ ಇನ್ನೊಂದು ಸಲ ದುಡ್ಡು ಹೊಂದಿಸುವುದು ಅವನಿಂದಾಗದು. ತಂದೆಯವರದ್ದೂ ಕಾಯುವ ವಯಸ್ಸಲ್ಲ.

ನಮ್ಮ ಕಿರಿಯ ಕೇಳುಗರಿಗಾಗಿ ಎರಡು ಮಾತು. ಜಾವಾ ಮೂಲತಃ ಚೆಕ್ ಕಂಪನಿ, 1929ರಲ್ಲಿ ಪ್ರಾಗ್‌ನಲ್ಲಿ ಶುರುವಾದದ್ದು. ಜಾನೆಚೆಕ್ ಎನ್ನುವ ಮಾಲೀಕರ ಹೆಸರಿನ ಮೊದಲ ಎರಡಕ್ಷರ, ವಾಂಡರರ್ ಎನ್ನುವ ಬೈಕಿನ ಮೊದಲ ಎರಡಕ್ಷರ ಸೇರಿ ಜಾವಾ ಆಯಿತು. ಮುಂಬಯಿಯ ಇರಾನಿ ಮನೆತನದ ರುಸ್ತುಂ ಇರಾನಿಯವರು ಅದರ ಪರವಾನಗಿ ಪಡೆದು 1960ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1973ರಿಂದ ಗಾಡಿಗಳು ಯೆಜ್ಡಿ ಎನ್ನುವ ಹೆಸರಿನಲ್ಲಿ ಬರತೊಡಗಿದವು. ಇರಾನಿನ ಯಜ್ದ್ ಎನ್ನುವ ಊರಿನ ನೆನಪಿಗೆ ಇಟ್ಟ ಹೆಸರದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಂಬಯಿಯ ಪಾರ್ಸಿಗಳ ದುಡ್ಡು, ಮೈಸೂರಿನವರ ಕೈಕೆಲಸ: ಹಾಗಾಗಿ ಈ ಗಾಡಿಯ ಮೇಲೆ ನಮ್ಮಂಥ ಮುಂಬಯಿ ಕನ್ನಡಿಗರಿಗೆ ಎರಡೂ ಕಡೆಯಿಂದ ಹಕ್ಕಿದೆ ಅಂತ ನಾನು ತಮಾಷೆ ಮಾಡುವುದುಂಟು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಬಂದ ಬೈಕುಗಳು ಫೋರ್ ಸ್ಟ್ರೋಕ್, ಅವು ಬೇರೆಯೇ ಯಂತ್ರ. ಹಳೆಯದು ಟೂ ಸ್ಟ್ರೋಕ್, 250 ಸಿ.ಸಿ., ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಕಡ್ಡಿಯನ್ನೇ ತಿರುಗಿಸಿದರೆ ಅದೇ ಗೇರ್ ಕಡ್ಡಿ. ಹೆಸರು ಬದಲಾದ ಹೊಸದರಲ್ಲಿ ಯಂತ್ರ ಹೆಚ್ಚುಕಡಿಮೆ ಹಳೆಯದೇ ಇತ್ತು. ಗೆಳೆಯ ಎರಡೂ ಒಂದೇ ಥರ ಅಂದದ್ದು ಸುಳ್ಳಲ್ಲ.

ಮೊದಲು ಠಾಣೆಗೆ ಹೋದೆವು. ಜಾವಾ ಇದ್ದದ್ದು ಹಳೇ ಗಾಡಿ ಸರಿಮಾಡಿ ಮಾರುವವರೊಬ್ಬರ ಶೆಡ್ಡಿನಲ್ಲಿ. ನೋಡಿದ ಕೂಡಲೇ ನನ್ನ ಗೆಳೆಯ ಕರಗಿಹೋದ. ಮರೂನ್ ಬಣ್ಣ, ಮುಖ ನೋಡಿಕೊಳ್ಳುವ ಹಾಗೆ ಹೊಳೆಯುವ ಕ್ರೋಮ್ ಟ್ಯಾಂಕು. ಅದಕ್ಕಿಂತ ಹೆಚ್ಚಾಗಿ ನಂಬರ್ ಪ್ಲೇಟು. ಕರ್ನಾಟಕ ಇನ್ನೂ ಮೈಸೂರು ರಾಜ್ಯವಾಗಿದ್ದ ಕಾಲದ, 'ಎಂವೈ'ಯಿಂದ ಶುರುವಾಗುವ ನಂಬರು. "ಅಪ್ಪನದ್ದೇ ನೋಡಿದ ಹಾಗಾಯ್ತು ಕಣೋ" ಅಂದ. ಬೆಲೆ ಒಂದು ಲಕ್ಷದ ಎಂಬತ್ತು ಸಾವಿರ.

ನಾನು ಮೊದಲು ಮಾಡಿದ ಕೆಲಸ ಸೈಲೆನ್ಸರ್ ಮುಟ್ಟಿದ್ದು. ಬಿಸಿ ಇತ್ತು. ಹಳೇ ಗಾಡಿ ನೋಡಲು ಹೋಗುವಾಗ ಇದೊಂದನ್ನು ಮರೆಯಬೇಡಿ. "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿಟ್ಟಿರಬೇಕು, ಹೇಳಿಯೂ ಬಿಸಿ ಇದ್ದರೆ ಏನೋ ಇದೆ ಅಂತ ತಿಳಿಯಬೇಕು. ಬಿಸಿಯಾದ ಇಂಜಿನ್ ಯಾರ ಕಾಲಿಗಾದರೂ ಒಲಿಯುತ್ತದೆ, ತಣ್ಣಗಿರುವಾಗ ಎಷ್ಟು ಕಿಕ್ಕಿಗೆ ಎದ್ದೇಳುತ್ತದೆ ಅನ್ನುವುದೇ ಅದರ ಆರೋಗ್ಯ. ಆಮೇಲೆ ಜೇಬಿನಲ್ಲಿದ್ದ ಸಣ್ಣ ಅಯಸ್ಕಾಂತವನ್ನು ಹಿಂದಿನ ಮಡ್‌ಗಾರ್ಡಿಗೆ ಹಿಡಿದೆ. ಮೂರು ಕಡೆ ಅಂಟಲಿಲ್ಲ. ಅಂದರೆ ಬಣ್ಣದ ಕೆಳಗೆ ತಗಡಿಲ್ಲ, ಪುಟ್ಟಿ ಇದೆ. ಇದೇನೂ ದೊಡ್ಡ ಪಾಪವಲ್ಲ, ಐವತ್ತು ವರ್ಷದ ತಗಡು ತುಕ್ಕು ಹಿಡಿಯದೆ ಇರುವುದಿಲ್ಲ. ಆದರೆ ಇಂಜಿನ್ ನಂಬರು ಓದಿ ಆರ್.ಸಿ. ಪುಸ್ತಕದ ಜೊತೆ ಹೋಲಿಸಿದಾಗ ಎರಡೂ ಬೇರೆ ಬೇರೆ. ಒಳಗೆ ಕೂತಿದ್ದದ್ದು ಎಂಬತ್ತರ ದಶಕದ ಯೆಜ್ಡಿಯ ಇಂಜಿನ್. ಮಾರುವವರು ನಕ್ಕು, "ಇದು ಇನ್ನೂ ಜೋರಾಗಿ ಓಡುತ್ತೆ ಸಾರ್, ನಂಬರ್ ಯಾರು ನೋಡ್ತಾರೆ?" ಅಂದರು.

ಜೋರಾಗಿ ಓಡುತ್ತದೆ ಅನ್ನುವುದು ನಿಜವೇ ಇರಬಹುದು. ಅಮೆರಿಕದಲ್ಲಿ 1932ರ ಫೋರ್ಡ್ ಕಾರಿಗೆ ಬೇರೆ ದೊಡ್ಡ ಇಂಜಿನ್ ಕೂರಿಸಿ, ಮಡ್‌ಗಾರ್ಡ್ ಕಿತ್ತುಹಾಕಿ, ಹಾಟ್ ರಾಡ್ ಅಂತ ಕರೆದು ಮೆರೆಸುತ್ತಾರೆ. ಅಲ್ಲಿ ಬದಲಾಯಿಸಿದ್ದಕ್ಕೇ ಬೆಲೆ. ನಮ್ಮಲ್ಲಿ ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಜಿನ್ ಬದಲಾಯಿಸುವುದಕ್ಕೆ ಆರ್.ಟಿ.ಓ. ಅನುಮತಿ ಬೇಕು, ಅದು ಆರ್.ಸಿ.ಯಲ್ಲಿ ದಾಖಲಾಗಬೇಕು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಇನ್ನು 2021ರಲ್ಲಿ ಬಂದ ವಿಂಟೇಜ್ ನಿಯಮ ಇದೆ. ಐವತ್ತು ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಶುಲ್ಕ ಕಟ್ಟಿ ಹತ್ತು ವರ್ಷದ ನೋಂದಣಿ ಪಡೆಯಬಹುದು. ಆದರೆ ಚಾಸಿ, ಇಂಜಿನ್ ಬದಲಾಗಿರಬಾರದು. ಅದರಲ್ಲೂ ಒಂದು ಕೊಕ್ಕೆ: ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಅಪ್ಪನನ್ನು ಕೂರಿಸಿಕೊಂಡು ಸಂಜೆ ಒಂದು ಸುತ್ತು ಹೋಗಿಬರಬೇಕು ಅನ್ನುವವನಿಗೆ ಮಾಮೂಲಿ ಆರ್.ಸಿ. ಚಾಲ್ತಿಯಲ್ಲಿರುವ ಗಾಡಿಯೇ ಬೇಕು.

ಠಾಣೆಯ ಗಾಡಿಯ ಕಾಗದಗಳ ಕಥೆ ಇನ್ನೂ ಇತ್ತು. ಆರ್.ಸಿ. ಇದ್ದದ್ದು ಮಂಡ್ಯದ ಕಡೆಯ ಒಬ್ಬ ಹಿರಿಯರ ಹೆಸರಿನಲ್ಲಿ. ಅವರು ತೀರಿಕೊಂಡು ವರ್ಷಗಳಾಗಿವೆ. ಅವರದ್ದೇ ಎನ್ನಲಾದ ಸಹಿಯಿದ್ದ ಖಾಲಿ ಫಾರಂ 29, ಫಾರಂ 30 ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇದ್ದವು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31 ಕೊಟ್ಟು ಮೊದಲು ತಮ್ಮ ಹೆಸರಿಗೆ ಮಾಡಿಕೊಳ್ಳಬೇಕು, ಆಮೇಲೆ ಮಾರಬೇಕು. ಸತ್ತವರ ಸಹಿ ಹಿಡಿದುಕೊಂಡು ಆರ್.ಟಿ.ಓ. ಮೆಟ್ಟಿಲು ಹತ್ತುವುದು ನಮಗೆ ಬೇಡದ ಉಸಾಬರಿ. ಅದರ ಮೇಲೆ ಬೇರೆ ರಾಜ್ಯದ ಗಾಡಿ, ಅಲ್ಲಿಂದ ಎನ್.ಓ.ಸಿ. ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಗೆಳೆಯ ಹಿಂತಿರುಗಿ ಬರುವಾಗ ಲೋಕಲ್ ಟ್ರೈನಿನಲ್ಲಿ ಒಂದು ಮಾತೂ ಆಡಲಿಲ್ಲ.

ಮುಂದಿನ ವಾರ ಪುಣೆ. ಯೆಜ್ಡಿಯ ಯಜಮಾನರು ಖಡ್ಕಿಯಲ್ಲಿರುವ ನಿವೃತ್ತರು, ಮಕ್ಕಳು ವಿದೇಶದಲ್ಲಿ, ಮೊಣಕಾಲು ಕೈಕೊಟ್ಟಿದೆ. ಗಾಡಿ ಮೆಟ್ಟಿಲ ಕೆಳಗೆ ಹಳೇ ಸೀರೆ ಹೊದ್ದುಕೊಂಡು ನಿಂತಿತ್ತು. ಸೀರೆ ತೆಗೆದಾಗ ಗೆಳೆಯನ ಮುಖ ಬಾಡಿತು. ಕಪ್ಪು ಬಣ್ಣ ಮಾಸಿದೆ, ಟ್ಯಾಂಕಿನ ಕ್ರೋಮ್ ಮೇಲೆ ಚುಕ್ಕೆ ಚುಕ್ಕೆ ತುಕ್ಕು, ಸೀಟು ಒಂದು ಕಡೆ ಹರಿದಿದೆ. ಬೆಲೆ ತೊಂಬತ್ತೈದು ಸಾವಿರ. "ಇದಕ್ಕೆ ಹೀಗೆ ಹೀಗೆ ತೊಂದರೆ ಇದೆ" ಅಂತ ಯಜಮಾನರೇ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರು. ನಾಲ್ಕನೆಯದು ಓದಿ ನನಗೆ ಅವರ ಮೇಲೆ ನಂಬಿಕೆ ಬಂತು: "ಗೇರ್ ಆಯಿಲ್ ಕಡಿಮೆಯಾಗುತ್ತದೆ, ನೆಲಕ್ಕೆ ಸೋರುವುದಿಲ್ಲ."

ನೆಲಕ್ಕೆ ಸೋರದ ಆಯಿಲ್ ಎಲ್ಲಿಗೆ ಹೋಗುತ್ತದೆ? ಇಂಜಿನ್ನಿನ ಒಳಗೆ ಕ್ರ್ಯಾಂಕಿನ ಪಕ್ಕದಲ್ಲಿ ಒಂದು ರಬ್ಬರ್ ಸೀಲ್ ಇದೆ. ಅದು ಸವೆದರೆ ಗೇರ್ ಕಡೆಯ ಎಣ್ಣೆಯನ್ನು ಇಂಜಿನ್ ಒಳಕ್ಕೆ ಎಳೆದುಕೊಂಡು ಸುಡುತ್ತದೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ, ನಿಲ್ಲುವುದೇ ಇಲ್ಲ. ಟೂ ಸ್ಟ್ರೋಕ್ ಗಾಡಿ ಹೊಗೆ ಬಿಡುವುದು ಸಹಜ ಅಂದುಕೊಂಡು ಎಷ್ಟೋ ಜನ ಇದನ್ನು ಗಮನಿಸುವುದಿಲ್ಲ. ಸೀಲಿನ ಬೆಲೆ ಏನೂ ಅಲ್ಲ, ಆದರೆ ಅದನ್ನು ಹಾಕಲು ಇಂಜಿನ್ ಬಿಚ್ಚಬೇಕು, ಕೂಲಿ ಅಲ್ಲಿದೆ. ಬಿಚ್ಚಿದ ಮೇಲೆ ಬೇರಿಂಗೂ ಹೊಸದು ಹಾಕಿಸುವುದೇ ಜಾಣತನ. ಯಜಮಾನರು ಇನ್ನೊಂದು ಬಿಲ್ ತೋರಿಸಿದರು: ಪಿಸ್ಟನ್ ಒಂದೇ ಸಲ ಓವರ್‌ಸೈಜ್ ಆಗಿದೆ. ಸಿಲಿಂಡರ್ ಸವೆದ ಹಾಗೆಲ್ಲ ಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕುತ್ತಾ ಹೋಗುತ್ತಾರೆ, ಅದಕ್ಕೂ ಒಂದು ಮಿತಿ ಇದೆ. ಈ ಸಿಲಿಂಡರಿನಲ್ಲಿ ಇನ್ನೂ ಆಯಸ್ಸಿತ್ತು.

ತಣ್ಣಗಿದ್ದ ಇಂಜಿನ್ ನಾಲ್ಕನೇ ಕಿಕ್ಕಿಗೆ ಎದ್ದಿತು. ನಾನು ಓಡಿಸಿ ನೋಡಿದೆ. ಈ ಗಾಡಿಗಳಲ್ಲಿ ಒಂದು ವಿಶೇಷ ಇದೆ. ಗೇರ್ ಕಡ್ಡಿ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ, ಕೈಯ ಕ್ಲಚ್ ಹಿಡಿಯದೆಯೂ ಗೇರ್ ಬದಲಾಯಿಸಬಹುದು. ಹೊಂದಿಸಲು ಬಾರದ ಮೆಕ್ಯಾನಿಕ್ಕಿನ ಕೈಗೆ ಸಿಕ್ಕ ಗಾಡಿಯಲ್ಲಿ ಮೊದಲು ಕೆಡುವುದು ಇದೇ. ಇಲ್ಲಿ ಕೆಲಸ ಮಾಡುತ್ತಿತ್ತು. ಇಂಜಿನ್ ನಂಬರು, ಚಾಸಿ ನಂಬರು ಎರಡೂ ಪುಸ್ತಕದ ಜೊತೆ ಕೂಡಿದವು. ಆರ್.ಸಿ. ಅವರ ಹೆಸರಿನಲ್ಲೇ ಇತ್ತು, ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಿಸುತ್ತಾ ಬಂದಿದ್ದರು, ಕಂಪ್ಯೂಟರಿನಲ್ಲೂ ದಾಖಲಾಗಿತ್ತು. ಹಳೇ ಕೈಬರಹದ ಪುಸ್ತಕಗಳು ಎಷ್ಟೋ ಕಂಪ್ಯೂಟರಿಗೆ ಏರಿಯೇ ಇಲ್ಲ, ಅದನ್ನೂ ನೋಡಿಕೊಳ್ಳಿ. ದೆಹಲಿಯಲ್ಲಿ ಕೇಳುತ್ತಿರುವವರಿಗೆ ಒಂದು ಎಚ್ಚರಿಕೆಯ ಮಾತು: ಅಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿಯ ಆದೇಶ, 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದಿವೆ, 2025ರಲ್ಲೂ ವಾದ ನಡೆದಿದೆ. ಮುಂಗಡ ಕೊಡುವ ಮೊದಲು ಆ ಹೊತ್ತಿನ ನಿಯಮ ವಿಚಾರಿಸಿಕೊಳ್ಳಿ.

ಇಷ್ಟಾದರೂ ಗೆಳೆಯನ ಮನಸ್ಸು ಒಪ್ಪಲಿಲ್ಲ. "ಅಪ್ಪನದು ಜಾವಾ ಕಣೋ. ಟ್ಯಾಂಕಿನ ಮೇಲೆ ಯೆಜ್ಡಿ ಅಂತ ಇದೆಯಲ್ಲ" ಅಂದ. ಇದಕ್ಕೆ ನನ್ನ ಅಯಸ್ಕಾಂತದಲ್ಲಿ ಉತ್ತರ ಇರಲಿಲ್ಲ. ನಾನು ಹೇಳಿದ್ದು ಇಷ್ಟೇ: ಅಲ್ಲಿ ಟ್ಯಾಂಕಿನ ಮೇಲೆ ಜಾವಾ ಅಂತ ಇದೆ, ಒಳಗಿರುವುದು ಯೆಜ್ಡಿ. ಪೊಲೀಸರು ಅಪ್ಪನ ಎದುರಿಗೆ ತಡೆದು ಪುಸ್ತಕ ಕೇಳಿದರೆ ಏನು ಮಾಡುತ್ತೀಯ?

ಅವನು ಆ ರಾತ್ರಿ ಊಟದ ಹೊತ್ತಿಗೆ ಏನೂ ಗೊತ್ತಿಲ್ಲದವನ ಹಾಗೆ, "ಅಪ್ಪಾ, ಜಾವಾಗೂ ಯೆಜ್ಡಿಗೂ ಏನು ವ್ಯತ್ಯಾಸ?" ಅಂತ ಕೇಳಿದನಂತೆ. ಅವರು ಸಾರು ಕಲಸುತ್ತಾ, "ಎಂಥ ವ್ಯತ್ಯಾಸ? ನಮ್ಮ ಪಕ್ಕದ ಮನೆಯವರು ಆಮೇಲೆ ಯೆಜ್ಡಿ ತಂದರು, ಅವರ ಗಾಡಿ ಬಂದರೆ ನಿಮ್ಮಮ್ಮ ನಾನು ಬಂದೆ ಅಂತ ಬಾಗಿಲು ತೆಗೀತಿದ್ದಳು" ಅಂದರಂತೆ.

ಯೆಜ್ಡಿಯನ್ನೇ ಕೊಂಡ, ತೊಂಬತ್ತಕ್ಕೆ. ಸೀಲು, ಬೇರಿಂಗು, ಸೀಟು, ಟೈರು ಅಂತ ಇನ್ನೂ ಐವತ್ತೆರಡು ಸಾವಿರ ಹೋಯಿತು. ಬಣ್ಣ ಹೊಡೆಸಬೇಡ ಅಂದೆ, ಕೇಳಿದ. ಹೆಸರು ಬದಲಾವಣೆಗೆ ನಾಲ್ಕು ತಿಂಗಳು ಹಿಡಿಯಿತು. ಬಿಡಿಭಾಗ ಸಿಗುವುದೇ ಇಲ್ಲ ಅನ್ನುವ ಭಯ ಬೇಡ. ಮೈಸೂರು, ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್, ನಮ್ಮ ಕುರ್ಲಾ, ಹುಡುಕಿದರೆ ಎಲ್ಲೋ ಒಂದು ಕಡೆ ಇರುತ್ತದೆ. ಹೊಸದಾಗಿ ತಯಾರಿಸಿದ ರಬ್ಬರ್ ಸಾಮಾನು ಮಾತ್ರ ಎರಡು ಜೊತೆ ತಂದಿಟ್ಟುಕೊಳ್ಳಿ, ಬೇಗ ಸೀಳುತ್ತವೆ.

ಗಾಡಿ ಮನೆಗೆ ಬಂದ ದಿನ ನಾನೂ ಹೋಗಿದ್ದೆ. ಲೀಟರಿಗೆ 40 ಮಿಲಿ ಎಣ್ಣೆ ಬೆರೆಸಿ ಪೆಟ್ರೋಲ್ ತುಂಬಿ ಕೆಳಗೆ ನಿಲ್ಲಿಸಿದ್ದೆವು. ತಂದೆಯವರನ್ನು ಲಿಫ್ಟಿನಲ್ಲಿ ಇಳಿಸಿಕೊಂಡು ಬಂದ. ಅವರು ಹತ್ತಿರ ಬಂದು ಟ್ಯಾಂಕಿನ ಮೇಲಿನ ಹೆಸರನ್ನು ಓದಲೂ ಇಲ್ಲ. ಗೆಳೆಯ ಕಿಕ್ ಹೊಡೆದ, ಏಳಲಿಲ್ಲ. ಮತ್ತೆ ಹೊಡೆದ. "ತಡಿ" ಅಂದರು. ಊರುಗೋಲನ್ನು ನನ್ನ ಕೈಗೆ ಕೊಟ್ಟು, ಬಗ್ಗಿ, ಕಣ್ಣಿನಿಂದ ಹುಡುಕದೆಯೇ ಕೈ ಹಾಕಿ ಕಾರ್ಬ್ಯುರೇಟರಿನ ಸಣ್ಣ ಗುಂಡಿಯನ್ನು ಮೂರು ಸಲ ಒತ್ತಿದರು. ಬೆರಳಿಗೆ ಪೆಟ್ರೋಲ್ ತಾಗಿತೇ ಅಂತ ಮೂಸಿ ನೋಡಿದರು. "ಈಗ ಹೊಡಿ" ಅಂದರು.