ಹಡಗಿನ ಹೊಗೆಯೂ ಬೇಲೂರಿನ ಕಾಫಿಯೂ

(ಅರಸೀಕೆರೆಯ ರೈತ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹಡಗಿನ ಹೊಗೆಯ ಮಾತು ಅರಸೀಕೆರೆಯಲ್ಲೇಕೆ ಎಂದು ನೀವು ಕೇಳಬಹುದು. ಹಳೇಬೀಡಿಗೆ ದೋರಸಮುದ್ರವೆಂಬ ಹೆಸರಿತ್ತು, ನಿಜ. ಆದರೆ ಆ ಸಮುದ್ರ ಒಂದು ಕೆರೆ. ನಮಗೆ ಹಡಗಿನ ನಂಟು ಬಂದಿರುವುದು ಕಾಫಿಯಿಂದ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ದೇಶದ ಬೆಳೆಯ ಹೆಚ್ಚಿನ ಭಾಗ ಹೊರದೇಶಕ್ಕೆ ಹೋಗುತ್ತದೆ. ಬೇಲೂರಿನ ಕಡೆಯ ಕಾಫಿ ಘಟ್ಟ ಇಳಿದು, ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗು ಹತ್ತಿ, ಇಟಲಿ ಜರ್ಮನಿಗಳನ್ನು ಸೇರುತ್ತದೆ.

ಹಡಗುಗಳು ಉರಿಸುವುದೇನನ್ನು? ಬಹಳ ಮಟ್ಟಿಗೆ, ಕಚ್ಚಾ ಎಣ್ಣೆಯಿಂದ ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಷ್ಟನ್ನು. ಕಾಯಿಸದೆ ಅದು ಸರಿಯಾಗಿ ಹರಿಯುವುದೂ ಇಲ್ಲ. 2019ರ ಕೊನೆಯವರೆಗೆ ಅದರಲ್ಲಿ ನೂರಕ್ಕೆ 3.5 ಪಾಲು ಗಂಧಕಕ್ಕೆ ಅವಕಾಶವಿತ್ತು. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2020ರ ಜನವರಿ 1ರಿಂದ ಅದನ್ನು 0.5ಕ್ಕೆ ಇಳಿಸಿತು. ಆದರೂ ಒಡೆಯರಿಗೆ ಒಂದು ಕಿಂಡಿ ಉಳಿಯಿತು. ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆಯುವ ಯಂತ್ರ ಕೂರಿಸಿಕೊಂಡರೆ ಹಳೆಯ ಎಣ್ಣೆಯನ್ನೇ ಸುಡಬಹುದು. ತೊಳೆದ ನೀರೋ, ಅನೇಕ ಹಡಗುಗಳಲ್ಲಿ ಮರಳಿ ಕಡಲಿಗೆ. ಆಕಾಶದ ಕೊಳೆಯನ್ನು ಮೀನುಗಾರನ ಬಲೆಗೆ ಸಾಗಿಸುವುದಕ್ಕೆ ಶುದ್ಧಿಯೆಂದು ಹೆಸರು!

ಉಪಾಯಗಳು ಇಲ್ಲದೆ ಇಲ್ಲ. ವೇಗವನ್ನು ಹತ್ತರಲ್ಲೊಂದು ಪಾಲು ತಗ್ಗಿಸಿದರೆ ಅದೇ ದಾರಿಗೆ ಎಣ್ಣೆ ಸುಮಾರು ಐದರಲ್ಲೊಂದು ಪಾಲು ಉಳಿಯುತ್ತದೆ. ಹಾಯಿಗಳೂ ಹೊಸ ರೂಪದಲ್ಲಿ ಮರಳಿ ಬಂದಿವೆ. ಆದರೆ ನಮ್ಮ ಕೈಗೆ ನಿಲುಕುವುದು ಬಂದರು. ದಕ್ಕೆಯಲ್ಲಿ ನಿಂತ ಹಡಗು ದೀಪಕ್ಕೆ, ಪಂಪಿಗೆ, ಶೈತ್ಯಯಂತ್ರಕ್ಕೆ ಎಂದು ಹಗಲಿರುಳು ಎಂಜಿನು ಓಡಿಸುತ್ತದೆ. ಆ ಹೊಗೆ ಕುಡಿಯುವವರು ಬಂದರಿನ ಹಮಾಲಿಗಳು, ಲಾರಿ ಚಾಲಕರು, ಸುತ್ತಲಿನ ಬಡಜನ. ದಡದಿಂದ ವಿದ್ಯುತ್ತು ಕೊಟ್ಟರೆ ಎಂಜಿನು ನಿಲ್ಲುತ್ತದೆ. ಕೇಂದ್ರ ಸರ್ಕಾರದ 2023ರ ‘ಹರಿತ್ ಸಾಗರ್’ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಬಂದರು ಸಾರ್ವಜನಿಕರ ಸ್ವತ್ತು. ದೊಡ್ಡ ಸರಕು ಹಡಗುಗಳಿಗೆಲ್ಲ ಇದು ಕಡ್ಡಾಯವಾಗಲಿ ಎಂದು ಕೇಳುವ ಹಕ್ಕು ನಮಗಿದೆ.

ಆ ವಿದ್ಯುತ್ತು ಎಲ್ಲಿಂದ ಬರಬೇಕೆಂಬುದನ್ನೂ ಕೇಳಬೇಕು. ಇದೇ ಬಂದರಿನಲ್ಲಿ ಇಳಿಯುವ ವಿದೇಶಿ ಕಲ್ಲಿದ್ದಲನ್ನು ಉಡುಪಿ ಜಿಲ್ಲೆಯ ಎಲ್ಲೂರಿನ 1200 ಮೆಗಾವ್ಯಾಟ್ ಸ್ಥಾವರ ಸುಡುತ್ತದೆ. ಪಣಂಬೂರಿನ ಹೊಗೆಯನ್ನು ಎಲ್ಲೂರಿನ ರೈತನ ಗದ್ದೆಗೆ ದಾಟಿಸುವುದು ನಮಗೆ ಒಪ್ಪಿಗೆಯಿಲ್ಲ. ಬಿಸಿಲಿನ, ಗಾಳಿಯ ವಿದ್ಯುತ್ತೇ ಬೇಕು.

ಇನ್ನು ದುಡ್ಡಿನ ಮಾತು. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಹಡಗುಗಳ ಪಾಲು ನೂರಕ್ಕೆ ಸುಮಾರು 3. ಮಿತಿ ಮೀರಿ ಹೊಗೆ ಬಿಡುವ ಹಡಗು ಶುಲ್ಕ ತೆರಬೇಕು, ಅದರಿಂದ ಒಂದು ನಿಧಿಯಾಗಬೇಕು ಎಂಬ ಯೋಜನೆ 2025ರ ಅಕ್ಟೋಬರಿನಲ್ಲಿ ಆ ಕಡಲ ಸಂಸ್ಥೆಯ ಮುಂದಿತ್ತು. ಅಮೆರಿಕವೂ ಎಣ್ಣೆ ಮಾರುವ ಸೌದಿ ಅರೇಬಿಯವೂ ಅಡ್ಡ ನಿಂತವು; 57ಕ್ಕೆ 49 ಮತಗಳಿಂದ ಒಂದು ವರ್ಷ ಮುಂದೂಡಿದರು. ಶುಲ್ಕ ಬರಲಿ ಎಂದೇ ನಾವು ಹೇಳುತ್ತೇವೆ. ಆದರೆ ಹಡಗಿನವನು ಅದನ್ನು ಬಾಡಿಗೆಗೆ ಸೇರಿಸಿ, ರಫ್ತುದಾರ ಕಾಫಿಯ ಬೆಲೆಯಲ್ಲಿ ಮುರಿದು, ತೋಟದ ಒಡೆಯ ಕೂಲಿಯ ಬಟವಾಡೆಯಲ್ಲಿ ಹಿಡಿದರೆ, ಹಡಗನ್ನೇ ಕಾಣದ ಹೆಣ್ಣುಮಗಳು ಹಡಗಿನ ದಂಡ ಕಟ್ಟಿದಂತಾಯಿತು. ಎರಡೆಕರೆಯ ಬೆಳೆಗಾರನಿಗೂ ಅದೇ ಗತಿ. ನಿಧಿಯ ಒಂದು ಪಾಲು ಇಂಥವರ ರಕ್ಷಣೆಗೆ ಮೀಸಲಾಗಬೇಕು.

ಈ ಮೂರು ಬೇಡಿಕೆಗಳ ಮನವಿ ಅಗೋ ಆ ಮೇಜಿನ ಮೇಲಿದೆ. ಬೇಲೂರು, ಹಳೇಬೀಡಿನಿಂದ ಬಂದವರು ಬಸ್ಸು ಹೊರಡುವ ಮೊದಲೇ ಸಹಿ ಮಾಡಿ.