ಪೇಟೆಯ ಧಾರಣೆ, ಊರಿನ ಸಂಘ



ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರಲ್ಲಿ ಸಹಿಯಾಯಿತು. 2000ದಲ್ಲಿ ಅದು ಜಾರಿಗೆ ಬಂದಿತು. ಅತ್ತ ವಿಯೆಟ್ನಾಮಿನ ಇಳುವರಿಯೂ ಏರಿತು. ಮಲೆನಾಡಿನ ಕಾಳುಮೆಣಸಿನ ಧಾರಣೆಯು ದೂರದ ದೇಶಗಳ ಫಸಲಿನೊಡನೆ ಇನ್ನಷ್ಟು ಬೆಸೆದುಕೊಂಡಿತು. ಬಳ್ಳಿ ಸಾಕಿದವರಿಗೆ ಬೆಲೆಯ ನಿರ್ಣಯದಲ್ಲಿ ಮಾತಿಲ್ಲ. ಜಾಗತೀಕರಣವೆಂಬುದು ತೋಟದೊಳಗೆ ಕಾಣಿಸಿಕೊಳ್ಳುವುದು ಹೀಗೆ: ನಿರ್ಧಾರವು ಊರಿನಿಂದ ದೂರ ಸರಿಯುತ್ತದೆ. ಬೇರೆ ದಾರಿಯುಂಟೇ?

ಈ ಪ್ರಶ್ನೆಯನ್ನು ದೀರ್ಘಕಾಲ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎರಿಕ್ ಓಲಿನ್ ರೈಟ್ (1947–2019) ಪ್ರಮುಖರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಅವರು, ಆದರ್ಶವನ್ನು ಕನಸಿನಲ್ಲಲ್ಲದೆ ನಡೆಯುತ್ತಿರುವ ಸಂಸ್ಥೆಗಳಲ್ಲಿ ಹುಡುಕಿದರು. ಬಂಡವಾಳ, ಪ್ರಭುತ್ವ, ಸಮಾಜ – ಈ ಮೂರು ಶಕ್ತಿಗಳ ಮಿಶ್ರಣವೇ ಪ್ರತಿಯೊಂದು ಆರ್ಥಿಕತೆ. ಜನರು ಸ್ವಯಿಚ್ಛೆಯಿಂದ ಸಂಘಟಿತರಾಗಿ ಪಡೆಯುವ ಸಾಮಾಜಿಕ ಶಕ್ತಿಯ ಪಾಲು ಅದರಲ್ಲಿ ಹೆಚ್ಚಬೇಕು ಎಂಬುದು ಅವರ ವಾದದ ತಿರುಳು.

ಅವರು ಪರಿಶೀಲಿಸಿದ ನಿದರ್ಶನಗಳಲ್ಲಿ ಸ್ಪೇನಿನ ಬಾಸ್ಕ್ ಗುಡ್ಡಗಾಡಿನ ಮೊಂಡ್ರಗೋನ್ ಒಂದು. ಪಾದ್ರಿಯೊಬ್ಬರು 1943ರಲ್ಲಿ ತೆರೆದ ತಾಂತ್ರಿಕ ಶಾಲೆಯ ವಿದ್ಯಾರ್ಥಿಗಳು 1956ರಲ್ಲಿ ಅಲ್ಲಿ ಮೊದಲ ಸಹಕಾರಿ ಕಾರ್ಖಾನೆ ಕಟ್ಟಿದರು. ದುಡಿಯುವವರೇ ಒಡೆಯರು, ಒಬ್ಬರಿಗೆ ಒಂದೇ ಮತ. ಗೃಹೋಪಕರಣ ತಯಾರಿಸುತ್ತಿದ್ದ ಫಾಗೋರ್ 2013ರಲ್ಲಿ ದಿವಾಳಿಯಾದಾಗ, ಅನೇಕ ಸದಸ್ಯರಿಗೆ ಸೋದರ ಸಂಸ್ಥೆಗಳು ಕೆಲಸ ಕೊಟ್ಟವು. ಆದರೆ ಪೈಪೋಟಿಗಾಗಿ ಹೊರದೇಶಗಳಲ್ಲಿ ನಡೆಸಿದ ಕಾರ್ಖಾನೆಗಳ ಕಾರ್ಮಿಕರು ಬಹುಪಾಲು ಸದಸ್ಯರಾಗಿರಲಿಲ್ಲ, ಬರಿಯ ಕೂಲಿಗಳಾಗಿದ್ದರು. ಜಾಗತಿಕ ಪೇಟೆಯಲ್ಲಿ ಈಜುವ ಸಹಕಾರಿಯು ತಾನೇ ಬಂಡವಾಳಿಗನಂತಾಗುವ ಅಪಾಯವನ್ನು ಇದು ತೋರಿಸುತ್ತದೆ.

ಇದು ಪರದೇಶದ ಕಥೆ ಮಾತ್ರವಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲಕಚ್ಚಿದ ಮೇಲೆ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪಿಸಿದರು. ಮುಂದೆ ಕೋಕೋ ಕೊಳ್ಳುವವರಿಲ್ಲದಾದಾಗ ಅದೇ ಸಂಸ್ಥೆಯು ಖರೀದಿಗಿಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಬೆಳೆಗಾರನ ಬೆನ್ನಿಗೆ ನಿಂತದ್ದು ಸಂಘಟಿತ ಶಕ್ತಿಯೇ.

ಆದರೂ ಮೊಂಡ್ರಗೋನಿನ ಪ್ರಶ್ನೆ ಇಲ್ಲಿಯೂ ಉಳಿದಿದೆ. ಬೆಳೆಗಾರರ ಸಂಘದಲ್ಲಿ ತೋಟದ ಒಡೆಯನಿಗೆ ಮತವುಂಟು. ಜೀವವನ್ನು ಪಣಕ್ಕಿಟ್ಟು ಮರವೇರುವ ಕೊನೆಗಾರನಿಗೆ? ಅಪರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಂಗಸಿಗೆ? ದೂರದ ಪೇಟೆಯು ತಮ್ಮ ಮಾತು ಕೇಳುವುದಿಲ್ಲವೆಂದು ನೊಂದವರು, ಪಕ್ಕದಲ್ಲಿ ದುಡಿಯುವವರ ಮಾತಿಗೆ ಕಿವಿಗೊಡಬೇಡವೇ?

ಪರ್ಯಾಯ ಆರ್ಥಿಕತೆಯ ಕೆಲಸಕ್ಕೆ ವಿಶ್ವಮಟ್ಟದ ಸಮ್ಮೇಳನವೇ ಬೇಕೆಂದಿಲ್ಲ. ಊರಿನ ಸೊಸೈಟಿಯ ಮುಂದಿನ ಮಹಾಸಭೆಯಲ್ಲಿ ಸದಸ್ಯತ್ವದ ನಿಯಮವನ್ನು ಚರ್ಚೆಗೆತ್ತಿಕೊಂಡರೂ ಸಾಕು, ಅದು ಆರಂಭವಾದಂತೆ.