ಲಿಂಡ್ಸಿ ವ್ಯಾನ್ ಕಳೆದುಕೊಂಡ ವರ್ಷಗಳು



2010ರ ಚಳಿಗಾಲದ ಒಲಿಂಪಿಕ್ಸ್ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆಯಿತು. ಸ್ಕೀ ಜಿಗಿತಕ್ಕೆಂದು ವಿಸ್ಲರ್ ಬಳಿ ಎರಡು ಹೊಸ ಇಳಿಜಾರುಗಳನ್ನು ಕಟ್ಟಿದ್ದರು. ಕೂಟಕ್ಕೆ ಮುನ್ನ, ಚಿಕ್ಕ ಇಳಿಜಾರಿನ ಮೇಲೆ ಅತಿ ದೂರ ಹಾರಿದ ದಾಖಲೆ 105.5 ಮೀಟರ್. ಗಂಡಸರ ಜಿಗಿತಗಳನ್ನೂ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ. ಆ ದಾಖಲೆ ಅಮೆರಿಕದ ಲಿಂಡ್ಸಿ ವ್ಯಾನ್ ಅವರದು. ಹೆಸರು ಕೇಳಿ ಆಲ್ಪೈನ್ ಸ್ಕೀಯಿಂಗ್‌ನ ಪ್ರಸಿದ್ಧ ಲಿಂಡ್ಸಿ ವಾನ್ ಎಂದುಕೊಳ್ಳಬೇಡಿ, ಇವರು ಬೇರೆ. ಆ ಒಲಿಂಪಿಕ್ಸ್‌ನಲ್ಲಿ ದಾಖಲೆಯ ಒಡತಿಗೆ ಜಿಗಿಯುವ ಅವಕಾಶವೇ ಇರಲಿಲ್ಲ. ಹೆಂಗಸರಿಗೆ ಸ್ಪರ್ಧೆಯನ್ನೇ ಇಟ್ಟಿರಲಿಲ್ಲ.

ಈ ಆಟವನ್ನು ನಾವು ಟಿವಿಯಲ್ಲಿ ನೋಡಿದ್ದೇ ಹೆಚ್ಚು. ಜಿಗಿತಗಾರ್ತಿ ಎತ್ತರದ ಗೋಪುರದ ತುದಿಯಲ್ಲಿ ಅಡ್ಡಪಟ್ಟಿಯ ಮೇಲೆ ಕೂರುತ್ತಾಳೆ. ಕೈಬಿಟ್ಟ ಕ್ಷಣದಿಂದ ಮೈಮುದುರಿ ಜಾರುತ್ತಾ, ದೊಡ್ಡ ಇಳಿಜಾರುಗಳಲ್ಲಿ ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗ ಮುಟ್ಟುತ್ತಾಳೆ. ಅಂಚಿನಲ್ಲಿ ಕಾಲು ಚಿಮ್ಮಿಸಿ, ಮೈಯನ್ನು ಮುಂದಕ್ಕೆ ಚಾಚಿ, ಸ್ಕೀಗಳನ್ನು ಮುಂದೆ ಅಗಲಿಸಿ ಗಾಳಿಯ ಮೇಲೆ ಒರಗುತ್ತಾಳೆ. ಕೆಳಗಿನ ನೆಲವೂ ಅವಳ ಜೊತೆಗೇ ಇಳಿಯುತ್ತಿರುತ್ತದೆ. ಆದ್ದರಿಂದ ನೂರು ಮೀಟರ್ ಹಾರಿದವಳೂ ನೆಲದಿಂದ ಕೆಲವೇ ಮೀಟರ್ ಎತ್ತರದಲ್ಲಿ ಇರುತ್ತಾಳೆ, ಇಳಿಜಾರನ್ನು ಓರೆಯಾಗಿ ಮುಟ್ಟುತ್ತಾಳೆ. ದೂರಕ್ಕೆ ಅಂಕ, ಒಂದು ಕಾಲು ಮುಂದಿಟ್ಟು ಇಳಿಯುವ ಸೊಗಸಿಗೂ ಅಂಕ.

ನೆಲವನ್ನು ಓರೆಯಾಗಿ ಮುಟ್ಟುವ ಮಾತನ್ನು ನಾನು ಬೇಕೆಂದೇ ಹೇಳಿದೆ. 2005ರಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಅಧ್ಯಕ್ಷ ಜಾನ್ ಫ್ರಾಂಕೊ ಕ್ಯಾಸ್ಪರ್, ವೈದ್ಯಕೀಯ ದೃಷ್ಟಿಯಿಂದ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ತೋರುತ್ತದೆ ಎಂದರು. ವರ್ಷಕ್ಕೆ ಸಾವಿರ ಸಲ ಎರಡು ಮೀಟರ್ ಎತ್ತರದಿಂದ ನೆಲಕ್ಕೆ ಹಾರಿದಂತೆ ಎಂಬುದು ಅವರ ವಾದ. ಆಟದ ಬಗ್ಗೆಯೂ ಹೆಣ್ಣಿನ ದೇಹದ ಬಗ್ಗೆಯೂ ಅದು ತಪ್ಪು ಮಾತು. ನಿನ್ನ ಗರ್ಭಕೋಶ ನೆಟ್ಟಗಿದೆಯೇ ಎಂದು ತಮ್ಮನ್ನು ಕೇಳಿದವರೂ ಇದ್ದರೆಂದು ಲಿಂಡ್ಸಿಯವರೇ ಹೇಳಿಕೊಂಡಿದ್ದಾರೆ. ಕ್ಯಾಸ್ಪರ್ ಹೀಗೆ ಮಾತಾಡುವ ಹೊತ್ತಿಗೆ ಹೆಂಗಸರು ಜಿಗಿಯತೊಡಗಿ ನೂರ ನಲವತ್ತು ವರ್ಷ ದಾಟಿತ್ತು. ನಾರ್ವೆಯ ಟ್ರಿಸಿಲ್‌ನಲ್ಲಿ ಇಂಗ್ರಿಡ್ ವೆಸ್ಟ್‌ಬಿ ಜಿಗಿದದ್ದು 1862ರಲ್ಲಿ. ಆಸ್ಟ್ರಿಯದ ಪೌಲಾ ಲ್ಯಾಂಬರ್ಗ್ 1911ರಲ್ಲಿ ಉದ್ದ ಲಂಗ ತೊಟ್ಟುಕೊಂಡೇ 22 ಮೀಟರ್ ಹಾರಿದರು. ಆಸ್ಟ್ರಿಯದವರೇ ಆದ ಡೇನಿಯೆಲಾ ಇರಾಷ್ಕೊ 2003ರಲ್ಲಿ 200 ಮೀಟರ್ ಮುಟ್ಟಿದರು.

ವೈದ್ಯದ ನೆಪ ಸವೆದ ಮೇಲೆ ಸಂಖ್ಯೆಯ ನೆಪ ಬಂತು. 2006ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಜಿಗಿತಗಾರ್ತಿಯರೂ ಕಡಿಮೆ, ದೇಶಗಳೂ ಕಡಿಮೆ, ಮಟ್ಟವೂ ಸಾಲದು ಎಂದು ಬಾಗಿಲು ಮುಚ್ಚಿತು. ಸ್ಕೀ ಕ್ರಾಸ್ ಎಂಬ ಹೊಸ ಆಟವನ್ನು ಮಾತ್ರ ಅದೇ ಸಭೆ ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ ಸೇರಿಸಿಕೊಂಡಿತು.

ಹಲವು ದೇಶಗಳ ಜಿಗಿತಗಾರ್ತಿಯರು ಸೇರಿ ವ್ಯಾಂಕೂವರ್ ಸಂಘಟನಾ ಸಮಿತಿಯ ಮೇಲೆ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದರು. ನಾರ್ವೆಯ ಅನೆಟ್ಟೆ ಸಾಗೆನ್ ಹೆಸರಿನಲ್ಲಿ ದಾಖಲಾದ ಆ ಮೊಕದ್ದಮೆಯಲ್ಲಿ ಲಿಂಡ್ಸಿಯವರೂ ವಾದಿ. 2009ರ ಜುಲೈ 10ರಂದು ನ್ಯಾಯಮೂರ್ತಿ ಲಾರಿ ಆನ್ ಫೆನ್ಲನ್ ಕೊಟ್ಟ ತೀರ್ಪು, ನನ್ನ ಮಟ್ಟಿಗೆ, ಇಡೀ ಕಥೆಯ ತಿರುಳು. ಒಲಿಂಪಿಕ್ ಸಮಿತಿಯ ಮಾನದಂಡಗಳನ್ನು ಗಂಡಸರ ಜಿಗಿತವೂ ಪೂರೈಸುವುದಿಲ್ಲ, ಅದು ಉಳಿದುಕೊಂಡಿರುವುದು ಸಂಪ್ರದಾಯದ ಬಲದಿಂದ ಎಂದು ಅವರು ಎತ್ತಿ ತೋರಿಸಿದರು. ಹೆಂಗಸರನ್ನು ಹೊರಗಿಟ್ಟೇ ಬೆಳೆದ ಸಂಪ್ರದಾಯ ಅದು. ಆದ್ದರಿಂದ ಇದು ತಾರತಮ್ಯವೇ ಎಂದರು. ಆದರೆ ನಿರ್ಧಾರ ಒಲಿಂಪಿಕ್ ಸಮಿತಿಯದು. ಆ ಸಮಿತಿಗೆ ಕೆನಡಾದ ಹಕ್ಕುಗಳ ಸನ್ನದು ಅನ್ವಯಿಸದು. ಅಲ್ಲಿಗೆ ಪರಿಹಾರವಿಲ್ಲ. ಮೇಲ್ಮನವಿಯೂ ಬಿದ್ದುಹೋಯಿತು. ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲೂ ಒಪ್ಪಲಿಲ್ಲ. ನಿಮಗೆ ಅನ್ಯಾಯವಾಗಿದೆ, ನಮ್ಮಿಂದ ಏನೂ ಆಗದು ಎಂದು ನ್ಯಾಯಪೀಠವೇ ಹೇಳುವುದನ್ನು ಕೇಳಿಸಿಕೊಂಡು ಮರುದಿನ ಅಭ್ಯಾಸಕ್ಕೆ ಹೋಗುವುದು ಎಂಥ ಕಷ್ಟ!

ಅದೇ 2009ರ ಫೆಬ್ರವರಿಯಲ್ಲಿ ಲಿಂಡ್ಸಿ ಜೆಕ್ ದೇಶದ ಲಿಬೆರೆಟ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೆಂಗಸರ ಜಿಗಿತಕ್ಕೆ ಸಿಕ್ಕ ಮೊದಲ ಚಿನ್ನ ಅವರದು. ಆಗ ವಯಸ್ಸು 24. ಅವರು ಬೆಳೆದದ್ದು ಯೂಟಾದ ಪಾರ್ಕ್ ಸಿಟಿಯಲ್ಲಿ. 2002ರ ಒಲಿಂಪಿಕ್ಸ್‌ನ ಜಿಗಿತ ನಡೆದದ್ದು ಅದೇ ಊರಿನಲ್ಲಿ. ಹದಿನೇಳರ ಹುಡುಗಿಗೆ ಅಲ್ಲಿ ಗಂಡಸರ ಸ್ಪರ್ಧೆಯೊಂದೇ ಕಾಣಸಿಕ್ಕಿತು.

2011ರ ಏಪ್ರಿಲ್‌ನಲ್ಲಿ ಹೆಂಗಸರ ಜಿಗಿತಕ್ಕೆ ಒಲಿಂಪಿಕ್ ಸಮಿತಿಯ ಒಪ್ಪಿಗೆ ಬಂತು. 2014ರ ಫೆಬ್ರವರಿ 11ರಂದು ರಷ್ಯಾದ ಸೋಚಿಯಲ್ಲಿ ಸಾರಾ ಹೆಂಡ್ರಿಕ್‌ಸನ್ ಒಲಿಂಪಿಕ್ಸ್‌ನಲ್ಲಿ ಜಿಗಿದ ಮೊದಲ ಮಹಿಳೆಯಾದರು. ಜರ್ಮನಿಯ ಕರೀನಾ ಫೋಗ್ಟ್ ಚಿನ್ನ ಗೆದ್ದರು. ಗಂಡಸರು 1924ರಲ್ಲಿ ಶಮೊನಿಯಲ್ಲಿ ಜಿಗಿದು ಆಗಲೇ 90 ವರ್ಷ. ಹೋರಾಟಕ್ಕೆ ಹೆಸರಾಗಿದ್ದ ಲಿಂಡ್ಸಿಗೆ 29 ವರ್ಷ. ಸಿಕ್ಕಿದ್ದು 15ನೇ ಸ್ಥಾನ. ಮರುವರ್ಷ ನಿವೃತ್ತಿ. ಇದನ್ನು ಕೆಲವರು ಸುಖಾಂತ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಮಿತಿಗಳಿಗೆ ವಯಸ್ಸಾಗುವುದಿಲ್ಲ, ಮೊಣಕಾಲಿಗೆ ಆಗುತ್ತದೆ. ಅತ್ಯುತ್ತಮವಾಗಿ ಹಾರಬಲ್ಲ ವರ್ಷಗಳನ್ನು ಅವರಿಂದ ಕಿತ್ತುಕೊಂಡರು, ಯಾರೂ ಅದನ್ನು ಹಿಂದಿರುಗಿಸಲಿಲ್ಲ.

ಈಚೆಗೆ, 2025ರ ಮಾರ್ಚ್‌ನಲ್ಲಿ ಸ್ಲೊವೇನಿಯದ ನಿಕಾ ಪ್ರೆವ್ಟ್ಸ್ ನಾರ್ವೆಯ ವಿಕರ್‌ಸುಂಡ್‌ನಲ್ಲಿ 236 ಮೀಟರ್ ಹಾರಿದರು. ಹೆಂಗಸರ ದೇಹದ ಬಗೆಗಿನ ಹಳೆಯ ಅನುಮಾನಕ್ಕೆ ಬೇರೆ ಉತ್ತರ ಬೇಕಿಲ್ಲ.

ಆದರೂ ಒಂದು ಬಾಗಿಲು ಮುಚ್ಚಿದೆ. ಸ್ಕೀ ಜಿಗಿತ ಮತ್ತು ಹಿಮದ ಮೇಲಿನ ಸ್ಕೀ ಓಟ ಎರಡೂ ಸೇರಿದ ಸ್ಪರ್ಧೆ ನಾರ್ಡಿಕ್ ಕಂಬೈನ್ಡ್. ಗಂಡಸರು ಅದನ್ನು ಒಲಿಂಪಿಕ್ಸ್‌ನಲ್ಲಿ 1924ರಿಂದ ಆಡುತ್ತಿದ್ದಾರೆ. ಹೆಂಗಸರಿಗೆ 2020ರಲ್ಲಿ ವಿಶ್ವ ಕಪ್ ಶುರುವಾಯಿತು, 2021ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2026ರ ಮಿಲಾನೊ–ಕೊರ್ಟಿನಾ ಒಲಿಂಪಿಕ್ಸ್‌ಗೆ ಅವರನ್ನು ಸೇರಿಸಲು ಒಲಿಂಪಿಕ್ ಸಮಿತಿ 2022ರ ಜೂನ್‌ನಲ್ಲಿ ನಿರಾಕರಿಸಿತು. ಕೊಟ್ಟ ಕಾರಣ: ದೇಶಗಳು ಕಡಿಮೆ, ನೋಡುವವರೂ ಕಡಿಮೆ.